ಪೋರ್ತೊದಿಂದ ಗಿರಿಗೆ: 28 ಲಕ್ಷದ ಕಥೆ

ಪ್ರಿಯ ಗಿರಿ,

ನೀನು ಕಳಿಸಿದ ಆಫರ್ ಲೆಟರ್ ಓದಿದೆ. ವರ್ಷಕ್ಕೆ 28,000 ಯುರೋ ಅಂತ ಕಂಡ ಕೂಡಲೇ ನೂರರಿಂದ ಗುಣಿಸಿ, 28 ಲಕ್ಷ ಅಂತ ಮನೆಯಲ್ಲೆಲ್ಲ ಸಾರಿರುತ್ತೀಯ, ನನಗೆ ಗೊತ್ತಿಲ್ಲವಾ! ಆ ಗುಣಾಕಾರ ಸಾಕು ಮಾರಾಯ, ಸ್ವಲ್ಪ ಭಾಗಾಕಾರ ಮಾಡೋಣ.

ಪೋರ್ಚುಗಲ್‌ನಲ್ಲಿ ವರ್ಷದ ಸಂಬಳವನ್ನು ಹನ್ನೆರಡಲ್ಲ, 14 ಪಾಲು ಮಾಡ್ತಾರೆ. ರಜೆಗೊಂದು, ಕ್ರಿಸ್‌ಮಸ್‌ಗೊಂದು ಹೆಚ್ಚುವರಿ ಸಂಬಳ ಕೊಡಬೇಕು ಅಂತ ಕಾನೂನೇ ಇದೆ. ಬೋನಸ್ ಅಂತ ಹಿಗ್ಗಬೇಡ, ನಿನ್ನ ದುಡ್ಡನ್ನೇ ನಿನಗೆ ತಡವಾಗಿ ಕೊಡೋದು. ಅಲ್ಲಿಗೆ ತಿಂಗಳಿಗೆ 2,000. ಸಾಮಾಜಿಕ ಭದ್ರತೆಗೆ ಶೇ 11, ಅಂದರೆ 220 ಹೋಯ್ತು. ಆದಾಯ ತೆರಿಗೆಯನ್ನೂ ಮುರಿದುಕೊಂಡ ಮೇಲೆ ಕೈಗೆ ಬರೋದು 1,500ರ ಆಸುಪಾಸು.

ಈಗ ಮನೆ. ಒಂದು ಬೆಡ್‌ರೂಮಿನದ್ದಕ್ಕೆ ಇಲ್ಲಿ 'ಟಿ1' ಅಂತಾರೆ. ಊರೊಳಗೆ ಸುಮಾರಾದದ್ದು ಬೇಕು ಅಂದರೆ ಬಾಡಿಗೆ ಸಾವಿರದ ಹತ್ತಿರ. ಜೊತೆಗೆ ಅಡ್ವಾನ್ಸು, ಮೇಲಿಂದ ಜಾಮೀನಿಗೆ ಇಲ್ಲಿಯವರೇ ಒಬ್ಬರು. ಹೊಸದಾಗಿ ಬಂದವನಿಗೆ ಯಾರು ಜಾಮೀನು ನಿಲ್ತಾರೆ? ಅದಕ್ಕೆ ಬದಲಾಗಿ ಆರು ತಿಂಗಳ ಬಾಡಿಗೆ ಮುಂಗಡ ಇಡು ಅಂದಿದ್ದರು ನನಗೆ. ಕೊಟ್ಟು ಒಳಗೆ ಹೋದರೆ ಹೀಟರ್ ಇಲ್ಲ. ನವೆಂಬರ್‌ನಿಂದ ಮಳೆ ಹಿಡಿದರೆ ನಮ್ಮ ಆಗುಂಬೆ ಕಡೆಯ ಮನೆಗಳ ಹಾಗೆ ಗೋಡೆಗೆಲ್ಲ ಬೂಷ್ಟು. ತೇವ ಹೀರುವ ಮೆಷಿನ್ನಿನ ತೊಟ್ಟಿಯಿಂದ ದಿನಾ ಬೆಳಿಗ್ಗೆ ನೀರು ಚೆಲ್ಲೋದು ನನ್ನ ನಿತ್ಯಕರ್ಮ. ಅದರ ಕರೆಂಟ್ ಬಿಲ್ಲು ಬೇರೆ!

ಇಷ್ಟಾದರೂ ಇಲ್ಲಿ ನಾವು ಅನುಕೂಲಸ್ಥರೇ. ಈ ದೇಶದ ಕನಿಷ್ಠ ವೇತನ ತಿಂಗಳಿಗೆ 2025ರಲ್ಲಿ 870 ಯುರೋ ಇತ್ತು, 2026ಕ್ಕೆ 920 ಆಯ್ತು. ಶೇ 11 ಕಳೆದರೆ 819. ನಮ್ಮ ಬೀದಿಯ ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಹಾಕುವ ಹುಡುಗಿಗೆ ಸಿಗೋದು ಅದಕ್ಕಿಂತ ತುಸು ಹೆಚ್ಚಷ್ಟೆ. ಇಡೀ ಸಂಬಳ ಸುರಿದರೂ ಅವಳಿಗೆ ಟಿ1 ಸಿಗಲ್ಲ. ಪಕ್ಕದ ಊರು ಗೊಂಡೊಮಾರ್‌ನಲ್ಲಿ ಅಮ್ಮನ ಜೊತೆ ಇದ್ದಾಳೆ, ಅಮ್ಮನದು ಕಡಿಮೆ ಬಾಡಿಗೆಯ ಹಳೇ ಕರಾರು. ರಾತ್ರಿ ಅಂಗಡಿ ಮುಚ್ಚಿ ಬಸ್ಸಿಗೆ ಓಡ್ತಾಳೆ. ನಮ್ಮ ಆಫೀಸಿನಲ್ಲೂ ಮೂವತ್ತು ದಾಟಿ ಅಪ್ಪ ಅಮ್ಮನ ಮನೆಯಲ್ಲೇ ಇರುವವರು ಬೇಕಾದಷ್ಟು ಜನ. ಮದುವೆಯಾಗಿಲ್ಲ ಅಂತಲ್ಲ, ಮನೆ ಸಿಕ್ಕಿಲ್ಲ ಅಂತ.

ಊರಿನ ಬಾಡಿಗೆಗೂ ಊರಿನ ಸಂಬಳಕ್ಕೂ ಸಂಬಂಧವೇ ಕಡಿದುಹೋಗಿದೆ ಗಿರಿ. ಸಾಲದ ಬಿಕ್ಕಟ್ಟಿನ ನಂತರ, 2012ರಲ್ಲಿ, ಹಳೇ ಬಾಡಿಗೆಗಳನ್ನು ಏರಿಸದಂತೆ ಹಿಡಿದಿಟ್ಟಿದ್ದ ಕಾನೂನು ಸಡಿಲಿಸಿದರು. ಐದು ಲಕ್ಷ ಯುರೋದ ಆಸ್ತಿ ಕೊಂಡ ವಿದೇಶಿಯರಿಗೆ ವಾಸದ ಪರವಾನಗಿ ಕೊಡೋದೂ ಅದೇ ವರ್ಷ ಶುರುವಾಯ್ತು. 2023ರಲ್ಲಿ ಆಸ್ತಿಯ ದಾರಿ ಮುಚ್ಚಿದರು, ಅಷ್ಟರಲ್ಲಿ ಬೆಲೆ ಏರಿಯಾಗಿತ್ತು. ಅಗ್ಗದ ವಿಮಾನದಲ್ಲಿ ಬರುವ ಪ್ರವಾಸಿಗರು ಬೇರೆ. ದೋರು ನದಿ ದಂಡೆಯ ಹಳೇ ಬೀದಿಗಳಲ್ಲಿ ನಡೆದು ನೋಡು, ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯುವ ಬೀಗದಕೈ ಡಬ್ಬಿಗಳು ನೇತಾಡ್ತಿರುತ್ತವೆ. ಅಲ್ಲೆಲ್ಲ ವಾರಕ್ಕೊಬ್ಬ ಅತಿಥಿ. ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಮಿಕರಿಗೆಂದು ದೊಡ್ಡ ಮನೆಗಳ ಹಿತ್ತಲಲ್ಲಿ ಕಟ್ಟಿದ 'ಇಲ್ಯಾ' ಎಂಬ ವಠಾರಗಳಿವೆ. ಅವುಗಳಲ್ಲೂ ಕೆಲವು ಈಗ ಪ್ರವಾಸಿಗರ ಪಾಲು. ನಾವೂ ಹೊರಗಿನವರೇ ಅನ್ನು, ಬಾಡಿಗೆ ಏರಿಸಿದ್ದರಲ್ಲಿ ನಮ್ಮ ಪಾಲೂ ಇದೆ.

ಉಳಿದದ್ದರಲ್ಲಿ ತಾಪತ್ರಯ ಇಲ್ಲ. 40 ಯುರೋ ಪಾಸಿನಲ್ಲಿ ಸುತ್ತಲಿನ ಊರುಗಳಿಗೂ ಮೆಟ್ರೊ, ಬಸ್ಸು. ಹೋಟೆಲ್ ಕಾಫಿ ಒಂದು ಯುರೋ ಆಜುಬಾಜು. ತೊಗರಿಬೇಳೆ, ಕರಿಬೇವು ಬಾಂಗ್ಲಾದೇಶಿಗಳ ಅಂಗಡಿಯಲ್ಲಿ ಸಿಗುತ್ತೆ.

ಒಬ್ಬನೇ ಬರುವುದಾದರೆ, ರೂಮು ಹಂಚಿಕೊಂಡರೆ, ಧಾರಾಳ ಸಾಕು. ಸುಮಾ, ಮಗು ಜೊತೆ ಅಂದರೆ ಈ ಸಂಬಳಕ್ಕೆ ಬರಬೇಡ ಅಂತಲೇ ನನ್ನ ಮಾತು. 36,000 ಕೇಳು, ಊಟದ ಭತ್ಯೆ ಬೇರೆಯಾ ಇದರಲ್ಲೇ ಸೇರಿದೆಯಾ ಅಂತಲೂ ಕೇಳು. ಮನೆಗೆ ಕಂಪನಿಯೇ ಜಾಮೀನು ನಿಲ್ಲುತ್ತಾ ಅನ್ನೋದನ್ನು ಬರಹದಲ್ಲೇ ತರಿಸ್ಕೊ. ಸಹಿ ಹಾಕೋ ಮುಂಚೆ ಒಂದು ಫೋನ್ ಮಾಡು, ಭಾನುವಾರ ಮನೆಯಲ್ಲೇ ಇರ್ತೀನಿ.

ನಿನ್ನ,
ರಾಘು