ಟಿಕೆಟ್ ರೇಟಿನಿಂದ ಲೆಕ್ಕ ಶುರು ಮಾಡಬೇಡ

ಕೋಲಾರ
ಭಾನುವಾರ

ಪ್ರೀತಿಯ ಪುಟ್ಟು,

ದೊಡ್ಡ ಸಂಗೀತ ಕಾರ್ಯಕ್ರಮಗಳಿಂದ ಊರಿಗೆ, ದೇಶಕ್ಕೆ ದುಡ್ಡು ಬರುತ್ತದೆ ಅನ್ನುವ ನಿನ್ನ ‘ಕನ್ಸರ್ಟ್ ಎಕಾನಮಿ’ ಲೇಖನ ಓದಿದೆ. ಓದಿಸಿಕೊಂಡು ಹೋಗುತ್ತದೆ, ಅದಕ್ಕೆ ಶಭಾಷ್. ಆದರೆ ಅರ್ಧಕ್ಕಿಂತ ಜಾಸ್ತಿ ಆಯೋಜಕರ ಪ್ರಕಟಣೆಯಿಂದ ಇಳಿದು ಬಂದದ್ದು, ಅಲ್ವಾ? ಬಿಸಿನೆಸ್ ಪುಟದಲ್ಲೇ ಕೂದಲು ಬೆಳ್ಳಗಾದ ನಿನ್ನ ದೊಡ್ಡಮ್ಮನಿಗೆ ಅದು ಗೊತ್ತಾಗದೆ ಇರುತ್ತದಾ. ಕೆಲಸ ಬಿಟ್ಟು ಪೂರ್ತಿ ಡಿಜೆ ಆಗಲಾ ಅಂತ ಬೇರೆ ಕೇಳಿದ್ದೀಯ. ಅದಕ್ಕೂ ಬರುತ್ತೇನೆ, ಮೊದಲು ಲೇಖನ.

2025ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ಬ್ಯಾಂಡಿನ ಕಾರ್ಯಕ್ರಮ ಆಯಿತು. ಮುಗಿದ ಬೆನ್ನಲ್ಲೇ ಪ್ರಧಾನಿಯವರು ಭುವನೇಶ್ವರದಲ್ಲಿ ಕನ್ಸರ್ಟ್ ಎಕಾನಮಿ ಬಗ್ಗೆ ಮಾತಾಡಿದರು. ಅಲ್ಲಿಂದ ಎಲ್ಲರೂ ಅದೇ ಲೆಕ್ಕ ಬರೆಯುತ್ತಿದ್ದಾರೆ. ಟಿಕೆಟ್, ಹೋಟೆಲ್, ವಿಮಾನ, ಊಟ ಎಲ್ಲ ಕೂಡಿಸಿ ಇಷ್ಟು ಕೋಟಿ. ಕೂಡಿಸಿದ್ದು ಸರಿ, ಕಳೆದದ್ದು ಎಲ್ಲಿ? ಒಬ್ಬ ಹುಡುಗ ಟಿಕೆಟ್‌ಗೆ 5 ಸಾವಿರ ಕೊಟ್ಟ ಅಂದರೆ ಆ ತಿಂಗಳು ಅವನು ಶೂ ಕೊಳ್ಳಲಿಲ್ಲ, ಸ್ನೇಹಿತರ ಜೊತೆ ಹೋಟೆಲಿಗೆ ಹೋಗಲಿಲ್ಲ. ದುಡ್ಡು ಹೊಸದಾಗಿ ಹುಟ್ಟಲಿಲ್ಲ, ಜೇಬು ಬದಲಾಯಿಸಿತು, ಅಷ್ಟೆ. ಹೊರದೇಶದ ಡಿಜೆಗೆ ಕೊಟ್ಟ ಫೀಸು ದೇಶದ ಲೆಕ್ಕದಲ್ಲಿ ಆಮದು. ಬೇರೆ ಊರಿನವರು ಬಂದು ಖರ್ಚು ಮಾಡಿದರೆ ಆ ಊರಿಗೆ ಲಾಭ ನಿಜ. ಆದರೆ ದೇಶಕ್ಕೂ ಅಷ್ಟೇ ಲಾಭ ಅಂತ ಬರೆದರೆ ಅದು ತಪ್ಪು.

ನೀನು ನುಡಿಸುವ ಈ ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್‌ನ ಆರ್ಥಿಕತೆ ಟಿಕೆಟ್‌ನಲ್ಲಿ ಇಲ್ಲ ಪುಟ್ಟು. ಅದು ಹುಟ್ಟಿದಾಗ ಏನೇನು ಅಗ್ಗವಾಗಿ ಬಿದ್ದಿತ್ತು ಅನ್ನುವುದರಲ್ಲಿದೆ.

ಅಮೆರಿಕದ ಕಾರ್ ಫ್ಯಾಕ್ಟರಿಗಳ ಊರು ಡೆಟ್ರಾಯಿಟ್ ತೆಗೆದುಕೋ. 1980ರ ಆಸುಪಾಸಿನಲ್ಲಿ ಹಣದುಬ್ಬರ ಇಳಿಸಲು ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿಯನ್ನು ಶೇ 20ರ ಹತ್ತಿರ ಒಯ್ದಿತು. ಅಷ್ಟು ಬಡ್ಡಿಗೆ ಸಾಲ ಮಾಡಿ ಕಾರು ಯಾರು ಕೊಳ್ಳುತ್ತಾರೆ? ಮೊದಲೇ ಜಪಾನಿನ ಕಾರುಗಳ ಪೈಪೋಟಿ. ಫ್ಯಾಕ್ಟರಿಗಳು ನಿಂತವು. 1982ರ ಕೊನೆಗೆ ಇಡೀ ದೇಶದ ನಿರುದ್ಯೋಗ ಶೇ 10.8ಕ್ಕೆ ಏರಿತು. ಕಾರಿನ ಊರಿನ ಪಾಡು ಅದಕ್ಕಿಂತ ಕೆಟ್ಟದು. 1950ರಲ್ಲಿ 18 ಲಕ್ಷ ದಾಟಿದ್ದ ಡೆಟ್ರಾಯಿಟ್ ಜನಸಂಖ್ಯೆ 2010ಕ್ಕೆ ಸುಮಾರು 7 ಲಕ್ಷ. ಆ ಊರಿನ ಸುತ್ತಮುತ್ತಲ ಕಪ್ಪು ಹುಡುಗರೇ ಯಂತ್ರದಲ್ಲಿ ನುಡಿಸುವ ಟೆಕ್ನೋ ಅನ್ನುವ ಕುಣಿತದ ಸಂಗೀತ ಕಟ್ಟಿದ್ದು. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಇವರ ಹೆಸರು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಇಲ್ಲೇ ಹುಷಾರಾಗಿರಬೇಕು. ‘ಬಡತನದಲ್ಲಿ ಅರಳಿದ ಕಲೆ’ ಅಂತ ಬರೆಯಲು ಕೈ ತುರಿಸುತ್ತದೆ. ಬರೆಯಬೇಡ. ಆ ಮೂವರು ಓದಿದ್ದು ಬೆಲ್‌ವಿಲ್ ಅನ್ನುವ ಹೊರವಲಯದ ಊರಿನಲ್ಲಿ, ಗತಿಯಿಲ್ಲದ ಮನೆಯವರಲ್ಲ. ಕಾರ್ ಫ್ಯಾಕ್ಟರಿಯ ಒಳ್ಳೆ ಸಂಬಳ ಆ ಭಾಗದಲ್ಲಿ ಒಂದು ಕಪ್ಪು ಮಧ್ಯಮ ವರ್ಗವನ್ನು ಬೆಳೆಸಿತ್ತು. ಆ ಕಾಲ ಮುಗಿಯುತ್ತಿತ್ತು. ಆದರೆ ಅದು ಕೊಟ್ಟ ಮನೆ, ರೇಡಿಯೊ, ಸ್ವಲ್ಪ ಬಿಡುವು ಇನ್ನೂ ಉಳಿದಿತ್ತು.

ಯಂತ್ರಗಳ ಕಥೆಯೂ ಹಾಗೇ. ರೋಲ್ಯಾಂಡ್ ಕಂಪನಿಯ 303 ಅನ್ನುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದದ್ದು ಗಿಟಾರ್‌ನವರು ಒಬ್ಬರೇ ಅಭ್ಯಾಸ ಮಾಡುವಾಗ ಬೇಸ್ ಜೊತೆ ಕೊಡಲಿ ಅಂತ. ಮಾರಾಟ ಆಗಲಿಲ್ಲ, 1984ರಲ್ಲಿ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಬಿದ್ದಿದ್ದನ್ನು ಶಿಕಾಗೊ ಹುಡುಗರು ಎತ್ತಿಕೊಂಡು ಗುಂಡಿ ತಿರುಗಿಸಿದರು. ಆ್ಯಸಿಡ್ ಹೌಸ್ ಅನ್ನುವ ಹೊಸ ಕುಣಿತದ ಸಂಗೀತ ಆಯಿತು. ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಅದೇ ಯಂತ್ರದಲ್ಲಿ ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು. ಯಾರೂ ಕೊಳ್ಳಲಿಲ್ಲ. 2010ರ ಮರುಬಿಡುಗಡೆವರೆಗೂ ಜಗತ್ತಿಗೆ ಗೊತ್ತಾಗಲಿಲ್ಲ ಅಂದರೂ ನಡೆಯುತ್ತದೆ. ಯಾಕೆ? ನನ್ನ ಊಹೆ ಕೇಳು. ಆಗ ನಮ್ಮಲ್ಲಿ ಇಂಥ ಸಾಮಾನಿನ ಆಮದಿಗೆ ಲೈಸೆನ್ಸು, ಮೈಮೇಲೆ ಬೀಳುವಷ್ಟು ಸುಂಕ. ಹೊಸದೇ ಬರದ ಕಡೆ ಹಳೆಯದು ಗುಜರಿಗೆ ಬೀಳುವುದು ಎಲ್ಲಿಂದ? ಒಬ್ಬರ ಕೈಯಲ್ಲಿ ಯಂತ್ರ ಇತ್ತು. ನೂರು ಹುಡುಗರ ಕೈಯಲ್ಲಿ ಇರಲಿಲ್ಲ, ಕುಣಿಯುವ ಜಾಗವೂ ಇರಲಿಲ್ಲ.

ಬರ್ಲಿನ್‌ನಲ್ಲಿ ಜಾಗವೇ ಅಗ್ಗವಾಯಿತು. 1989ರಲ್ಲಿ ಗೋಡೆ ಬಿತ್ತು, ಪೂರ್ವ ಭಾಗದಲ್ಲಿ ಯಾರದೆಂದೇ ಗೊತ್ತಿಲ್ಲದ ಕಟ್ಟಡಗಳು. ಹಳೇ ಡಿಪಾರ್ಟ್‌ಮೆಂಟ್ ಸ್ಟೋರಿನ ತಿಜೋರಿ ಕೋಣೆಯಲ್ಲಿ 1991ರಲ್ಲಿ ಟ್ರೆಸರ್ ಕ್ಲಬ್ ಶುರುವಾಯಿತು. ಈಗ ಅಲ್ಲಿ ಬಾಡಿಗೆ, ಖರ್ಚು ಏರಿ ಕ್ಲಬ್ಬುಗಳು ಒದ್ದಾಡುತ್ತಿವೆ. ವಾಟರ್‌ಗೇಟ್ 2024ರ ಕೊನೆಗೆ ಬಾಗಿಲು ಹಾಕಿತು.

ಈಗ ನಮ್ಮ ಜಿಲ್ಲೆಗೆ ಬಾ. ಕೆಜಿಎಫ್ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಬೆಂಗಳೂರಿನ ಬೀದಿಗಿಂತ ಮುಂಚೆ, 1902ರಲ್ಲೇ ಶಿವನಸಮುದ್ರದ ಕರೆಂಟು ಬಂದ ಊರು ಅದು. ಮುಚ್ಚಿದ ಮೇಲೆ ಅಲ್ಲಿ ಖಾಲಿ ಕಟ್ಟಡಕ್ಕೆ ಬರ ಇರಲಿಲ್ಲ, ಹುಡುಗರಿಗೂ ಬರ ಇರಲಿಲ್ಲ. ಆದರೆ ಆ ಹುಡುಗರು ಬೆಳಿಗ್ಗೆ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ ರೈಲು ತಿಂದರೆ ಯಾವ ಗುಂಡಿ ತಿರುಗಿಸುವುದು? ಗಣಿ ಮುಚ್ಚುವುದಷ್ಟೇ ಸಾಕಾಗಿದ್ದರೆ ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲೂ ಒಂದು ಟೆಕ್ನೋ ಹುಟ್ಟಬೇಕಿತ್ತು. ಬಿಡುವು ಯಾರಿಗೆ ಇದೆ, ಯಾರಿಗೆ ಇಲ್ಲ ಅನ್ನುವುದನ್ನು ಜಿಡಿಪಿ ಹೇಳುವುದಿಲ್ಲ. ನೀನು ಹೇಳು.

ಇನ್ನೊಂದು. ನಿನ್ನ ಲೇಖನದಲ್ಲಿ ಡಿಜೆ ಅಂದರೆ ಬೆಂಗಳೂರಿನ ಪಬ್ಬು ಮಾತ್ರ. ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಡಬ್ಬ ಜೋಡಿಸಿ ಎದೆ ನಡುಗಿಸುವ ಡಿಜೆ ಸೆಟ್ ಎಲ್ಲಿ ಹೋಯಿತು? ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್‌ಗೆ ನಮ್ಮಲ್ಲಿ ಜಾಸ್ತಿ ಜನ ಕುಣಿಯುವುದು ಅಲ್ಲೇ. ಸೆಟ್ ಬಾಡಿಗೆ, ಜನರೇಟರ್, ಡೀಸೆಲ್, ವೈರ್ ಎಳೆಯುವ ಹುಡುಗರ ಕೂಲಿ, ಬಹಳಷ್ಟು ಕೈಯಿಂದ ಕೈಗೆ ನಗದು. ಸರ್ಕಾರ ಇಂಥ ವಹಿವಾಟನ್ನು ಅಂದಾಜಿನ ಮೇಲೆ ಲೆಕ್ಕ ಹಾಕುತ್ತದೆ, ರಸೀದಿ ನೋಡಿ ಅಲ್ಲ. ಮತ್ತೆ ಆ ಸೆಟ್ ಬಂದ ಮೇಲೆ ತಮಟೆಯವರಿಗೆ ಏನಾಯಿತು? ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು, ನಾವೆಲ್ಲ ಹೆಮ್ಮೆಪಟ್ಟೆವು. ಅದೇ ವರ್ಷ ಎಷ್ಟು ಹಬ್ಬಗಳಲ್ಲಿ ತಮಟೆಯವರ ಬದಲು ಡಬ್ಬ ಕರೆಸಿದೆವು ಅಂತ ಯಾರೂ ಕೇಳಲಿಲ್ಲ. ಹಾಗಂತ ‘ಡಿಜೆಯಿಂದ ಜಾನಪದ ಹಾಳು’ ಅಂತ ಸುಮ್ನೆ ಅಳಬೇಡ. ತಮಟೆ ಬಿಟ್ಟು ಸ್ಪೀಕರ್ ಬಾಡಿಗೆಗೆ ಇಳಿದ ಮಗ ಅದನ್ನು ಮರ್ಯಾದೆಯ ಪ್ರಶ್ನೆಯಾಗಿ ನೋಡಬಹುದು. ಅಪ್ಪನನ್ನು ಊರಿನವರು ಹೇಗೆ ಕರೆದು ಬಾರಿಸಲು ಹೇಳುತ್ತಿದ್ದರು ಅಂತ ಅವನಿಗೆ ಗೊತ್ತು. ಅವನನ್ನೇ ಕೇಳು.

ಇನ್ನು ನಿನ್ನ ವಿಷಯ. ಕೆಲಸ ಬಿಡಬೇಡ. ಸಂಗೀತ ಕೀಳು ಅಂತ ಹೇಳುತ್ತಿಲ್ಲ. ನಿನ್ನ ತಿಂಗಳ ಸಂಬಳವೇ ನಿನಗೆ ಸಿಕ್ಕಿರುವ ಬಿಡುವು. ಅದು ಹೋದರೆ ಶನಿವಾರ ನಿನಗೆ ಬೇಕಾದ್ದು ನುಡಿಸಲು ಆಗಲ್ಲ, ಮದುವೆ ರಿಸೆಪ್ಶನ್‌ನವರು ಕೇಳಿದ್ದನ್ನು ನುಡಿಸಬೇಕು. ಎರಡೂವರೆ ಲಕ್ಷದ ಕನ್ಸೋಲ್ ಇಎಂಐ ಮೇಲೆ ಬೇಡವೇ ಬೇಡ. ಲ್ಯಾಪ್‌ಟಾಪ್ ಇದೆ, ಹಳೇ ಕಂಟ್ರೋಲರ್ ಒಂದು ಹುಡುಕಿಕೋ. ಕಂತು ಕಟ್ಟುವವನು ಹೊಸದನ್ನು ಪ್ರಯತ್ನಿಸಲು ಹೆದರುತ್ತಾನೆ.

ನಿಮ್ಮಪ್ಪನ ಜೊತೆ ಜಗಳ ಆಡಬೇಡ. ಅವನಿಗೆ ಸದ್ದಿಗಿಂತ ಜಾಸ್ತಿ ಚಿಂತೆ ನಿನ್ನ ರಾತ್ರಿ ಎರಡು ಗಂಟೆಯ ಬೈಕ್ ಸವಾರಿ. ನಿಮ್ಮಮ್ಮನಿಗೆ ನಾನು ಫೋನ್ ಮಾಡುತ್ತೇನೆ.

ಮುಂದಿನ ಶನಿವಾರ ಬಾ. ಬಂಗಾರಪೇಟೆಯಲ್ಲಿ ಡಿಜೆ ಸೆಟ್ ಇಟ್ಟಿರುವ ಒಬ್ಬರಿಗೆ ಹೇಳಿಟ್ಟಿದ್ದೇನೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಮಾತಿಗೆ ಸಿಗುತ್ತಾರೆ, ಆಮೇಲೆ ಲೋಡಿಂಗ್ ಇರುತ್ತದೆ. ಮೊದಲು ಡೀಸೆಲ್ ಖರ್ಚು ಕೇಳು, ಬಾಡಿಗೆ ಆಮೇಲೆ. ಬಾಡಿಗೆಯಿಂದ ಶುರು ಮಾಡಿದರೆ ನಿನ್ನನ್ನು ಗಿರಾಕಿ ಅಂದುಕೊಳ್ಳುತ್ತಾರೆ.

ನಿನ್ನ
ದೊಡ್ಡಮ್ಮ