ನಾಳೆಯಿಂದ ಕೌಂಟರ್ ಸೇವೆ

ಎಲ್ಲರಿಗೂ ಶರಣು. ನಾಳೆಯಿಂದ ಕೌಂಟರ್ ಪಕ್ಕ ಬೆಂಚು, ಕುಡಿಯುವ ನೀರು ಇರುತ್ತದೆ. ಪಿಂಚಣಿ ಅರ್ಜಿ ಹಿಡಿದು ಹಳ್ಳಿಯಿಂದ ಬರುವ ಅಜ್ಜಿಯರು ಬಿಸಿಲಲ್ಲಿ ನಿಲ್ಲಬಾರದು. ಫಾರಂ ತುಂಬಿಕೊಡಲು ದಿನಕ್ಕೊಬ್ಬರು ಕೂರೋಣ. ಹೆಸರು ಇಲ್ಲೇ ಹಾಕಿ.

ಪೂಜೆ, ನಮಾಜು ಅವರವರ ಇಷ್ಟ, ಯಾರಿಗೂ ಒತ್ತಾಯ ಬೇಡ. ನಮ್ಮ ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ (ಉಚಿತ ಊಟದ ಮನೆಯಲ್ಲಿ) ಊಟಕ್ಕೆ ಕೂತವರ ಜಾತಿ ಯಾರೂ ಕೇಳುವುದಿಲ್ಲ, ಅಲ್ವಾ? ಇಲ್ಲೂ ಹಾಗೇ ಇರಲಿ.

12ನೇ ಶತಮಾನದ ಕಲ್ಯಾಣದಲ್ಲಿ (ಈಗಿನ ಬಸವಕಲ್ಯಾಣ) ಗಂಡ ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ, ಅದನ್ನು ವಾಪಸ್ ಸುರಿದು ಬನ್ನಿ ಎಂದವರು ಶರಣೆ ಆಯ್ದಕ್ಕಿ ಲಕ್ಕಮ್ಮ. ಆ ಊರು ನಮ್ಮ ಜಿಲ್ಲೆಯದೇ. ಹಾಗಾಗಿ ಫಾರಂ ತುಂಬಿದ್ದಕ್ಕೆ ಹತ್ತು ರೂಪಾಯಿ ಕೊಟ್ಟರೂ, ಚಹಾ ಕೊಡಿಸಿದರೂ ದಯವಿಟ್ಟು ತಗೋಬೇಡಿ.

ಬುಧವಾರಕ್ಕೆ ಇನ್ನೂ ಯಾರೂ ಇಲ್ಲ. ಉರ್ದು ಬಲ್ಲವರು ಬಂದರೆ ಒಳ್ಳೆಯದು.