ಮೆಡೂಸಾಳ ಒಡಹುಟ್ಟಿದವರು ಎಲ್ಲಿ ಹೋದರು?

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಭಾಷೆ ನಿನ್ನ ಕೈಯಲ್ಲಿದೆ, ಅದರ ಬಗ್ಗೆ ಚಿಂತೆ ಬೇಡ. ಗ್ರೀಕ್ ಪುರಾಣದ ಮೆಡೂಸಾ, ಹಾವಿನ ಕೂದಲಿನವಳು, ನೋಡಿದವರನ್ನು ಕಲ್ಲಾಗಿಸುವವಳು, ಅವಳ ಬಾಯಿಂದಲೇ ಕಥೆ ಹೇಳಿಸಬೇಕು ಅನ್ನುವ ನಿನ್ನ ಆಸೆಯೂ ನನಗೆ ಇಷ್ಟವಾಯಿತು. ಆದರೆ ಒಂದು ದೊಡ್ಡ ತಕರಾರಿದೆ, ಸುತ್ತಿಬಳಸದೆ ಹೇಳಿಬಿಡುತ್ತೇನೆ. ನಿನ್ನ ಮೆಡೂಸಾ ಯಾರಿಗೂ ಏನೂ ಮಾಡದ ಪಾಪದ ಹುಡುಗಿ. ಅವಳ ತಲೆ ಕಡಿಯುವ ನಿನ್ನ ಪರ್ಸಿಯಸ್ ಬರೀ ಕೊಲೆಗಡುಕ. ಅವಳ ಕಣ್ಣಿಗೆ ಬಿದ್ದು ಕಲ್ಲಾದವರು ಇಡೀ ಕಥೆಯಲ್ಲಿ ಒಬ್ಬರೂ ಇಲ್ಲ. ಹಳೆಯ ಕಥೆಯಲ್ಲಿ ಮೇಲಿದ್ದವನನ್ನು ಕೆಳಗೆ ತಂದೆ, ಕೆಳಗಿದ್ದವಳನ್ನು ಮೇಲೆ ಕೂರಿಸಿದೆ, ಅಷ್ಟೇ ಆಯಿತು. ಗ್ರೀಕ್ ಕವಿಗಳು ಇದಕ್ಕಿಂತ ಕಷ್ಟದ ಕೆಲಸ ಮಾಡಿಟ್ಟಿದ್ದಾರೆ. ಅದನ್ನು ನಿನಗೆ ತೋರಿಸಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪಾಲಿಫೀಮಸನ ಗುಹೆಗೆ ಹೋಗು. ಹೋಮರನ ಮಹಾಕಾವ್ಯ ಒಡಿಸ್ಸಿಯ 9ನೇ ಸರ್ಗ. ನಮಗೆಲ್ಲ ನೆನಪಿರುವುದು ಒಕ್ಕಣ್ಣಿನ ರಾಕ್ಷಸ, ಆ ಕಣ್ಣಿಗೆ ಚುಚ್ಚಿದ ಕಾದ ಆಲಿವ್ ಮರದ ಗೂಟ, ಇಷ್ಟೇ ಅಲ್ವಾ? ಆದರೆ ಹೋಮರ್ ನಮ್ಮನ್ನು ಗುಹೆಯೊಳಗೆ ಕರೆದುಕೊಂಡು ಹೋಗುವುದು ರಾಕ್ಷಸ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ. ಅಲ್ಲಿ ಬುಟ್ಟಿಗಳ ತುಂಬ ಚೀಸ್ ಇದೆ. ಮರಿಗಳನ್ನು ವಯಸ್ಸು ನೋಡಿ ಬೇರೆ ಬೇರೆ ದೊಡ್ಡಿಯಲ್ಲಿ ಕೂಡಿಹಾಕಿದ್ದಾನೆ, ಮೊದಲು ಹುಟ್ಟಿದವು ಒಂದು ಕಡೆ, ನಡುವಿನವು ಒಂದು ಕಡೆ, ಎಳೆಯವು ಇನ್ನೊಂದು ಕಡೆ. ಸಂಜೆ ಬಂದವನು ಕುರಿ ಮೇಕೆಗಳ ಹಾಲು ಕರೆದು, ಪ್ರತಿ ಮರಿಯನ್ನೂ ಅದರದರ ತಾಯಿಯ ಹತ್ತಿರ ಬಿಟ್ಟು, ಅರ್ಧ ಹಾಲನ್ನು ಒಡೆಸಿ, ಇನ್ನರ್ಧವನ್ನು ರಾತ್ರಿ ಕುಡಿಯಲಿಕ್ಕೆ ಎತ್ತಿಡುತ್ತಾನೆ. ಎಷ್ಟು ಅಚ್ಚುಕಟ್ಟು ನೋಡು. ಅದೇ ಕೈ, ಗುಹೆಗೆ ಬಂದ ಕಥಾನಾಯಕ ಒಡಿಸ್ಯೂಸನ ಇಬ್ಬರು ಸಂಗಡಿಗರನ್ನು ಹಿಡಿದು ನಾಯಿಮರಿಗಳ ಹಾಗೆ ನೆಲಕ್ಕೆ ಅಪ್ಪಳಿಸುತ್ತದೆ. ಮೂರು ಹೊತ್ತಿನ ಊಟಕ್ಕೆ ಆರು ಜನ. ಮೂಳೆಯನ್ನೂ ಬಿಡುವುದಿಲ್ಲ, ಮೇಲಿಂದ ಹಾಲು ಕುಡಿಯುತ್ತಾನೆ.

ಕಣ್ಣು ಹೋದ ಮೇಲೆ, ಬೆಳಿಗ್ಗೆ, ಅವನು ಗುಹೆಯ ಬಾಯಲ್ಲಿ ಕೂತು ಹೊರಗೆ ಹೋಗುವ ಒಂದೊಂದು ಪ್ರಾಣಿಯ ಬೆನ್ನನ್ನೂ ತಡವುತ್ತಾನೆ. ಎಲ್ಲಕ್ಕಿಂತ ಕೊನೆಗೆ ದೊಡ್ಡ ಟಗರು ಬರುತ್ತದೆ, ಅದರ ಹೊಟ್ಟೆಯ ಕೆಳಗೆ ಉಣ್ಣೆಯನ್ನು ಬಿಗಿಯಾಗಿ ಹಿಡಿದು ಒಡಿಸ್ಯೂಸ್ ನೇತಾಡುತ್ತಿದ್ದಾನೆ. ಪಾಲಿಫೀಮಸ್ ಟಗರನ್ನು ಮಾತಾಡಿಸುತ್ತಾನೆ. ದಿನಾ ಹುಲ್ಲಿಗೆ ನೀನೇ ಮೊದಲು, ಹೊಳೆಗೆ ನೀನೇ ಮೊದಲು, ಸಂಜೆ ಮನೆಗೆ ಬರಲಿಕ್ಕೂ ನಿನಗೇ ಅವಸರ, ಇವತ್ತು ಯಾಕೆ ಎಲ್ಲರಿಗಿಂತ ಹಿಂದೆ ಉಳಿದೆ, ನಿನ್ನ ಒಡೆಯನ ಕಣ್ಣು ಹೋಯಿತು ಅಂತ ದುಃಖವಾ ಎಂದು ಕೇಳುತ್ತಾನೆ. ಓದುವಾಗ ಕರುಳು ಕಿವುಚಿದಂತಾಗುತ್ತದೆ. ಅದರ ಬೆನ್ನಿಗೇ, ನಿನಗೆ ಮಾತು ಬಂದು ಅವನು ಎಲ್ಲಿದ್ದಾನೆ ಅಂತ ಹೇಳಿದ್ದರೆ ಅವನ ಮಿದುಳು ಗುಹೆಯ ತುಂಬ ಚೆಲ್ಲುವ ಹಾಗೆ ಬಡಿಯುತ್ತಿದ್ದೆ ಎನ್ನುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. ಇನ್ನೊಂದು ಮಾತು ಗಮನಿಸು, ಈ ಕಥೆಯನ್ನು ಹೇಳುತ್ತಿರುವವನು ಒಡಿಸ್ಯೂಸನೇ. ತಾನು ಕುರುಡು ಮಾಡಿದವನ ಪ್ರೀತಿಯನ್ನು ಅಡಗಿ ಕೇಳಿಸಿಕೊಂಡವನೂ ಅವನೇ, ವರ್ಷಗಳಾದ ಮೇಲೆ ಅದನ್ನು ಒಂದಕ್ಷರ ಬಿಡದೆ ಇನ್ನೊಬ್ಬರ ಊಟದ ಮನೆಯಲ್ಲಿ ಕೂತು ಹೇಳುವವನೂ ಅವನೇ.

ನನಗೆ ನಿನ್ನ ಕಥೆಯಲ್ಲಿ ಕಾಣದೇ ಹೋದದ್ದು ಇದು. ನಾವು ಅಳಬೇಕು ಅಂತ ಹೋಮರ್ ಆ ಆರು ಹೆಣಗಳನ್ನು ಬಚ್ಚಿಡಲಿಲ್ಲ. ನೀನು ಬಚ್ಚಿಟ್ಟೆ. ಹಾಗೆ ಮಾಡಿದ್ದರಿಂದ ನಿನ್ನ ಮೆಡೂಸಾ ಹಗುರಾದಳು. ಯಾರಿಗೂ ಭಯ ಹುಟ್ಟಿಸದವಳ ಸಾವಿಗೆ ಮರುಗಲು ಓದುಗನಿಗೆ ಏನೂ ಕಷ್ಟವಿಲ್ಲ. ಭಯ ಹುಟ್ಟಿಸುವವಳಿಗಾಗಿ ಮರುಗುವಂತೆ ಮಾಡು, ಆಗ ಬೇರೆ ಮಾತು.

ಇನ್ನು ಮೆಡೂಸಾ. ದೇವಸ್ಥಾನದಲ್ಲಿ ಸಮುದ್ರದೇವ ಪೊಸೈಡನ್ ಅವಳ ಮೇಲೆ ಬಲಾತ್ಕಾರ ಮಾಡಿದ್ದು, ಅದಕ್ಕೆ ಅವಳ ಕೂದಲನ್ನೇ ಹಾವು ಮಾಡಿ ಅಥೀನಾ ದೇವಿ ಅವಳನ್ನೇ ಶಿಕ್ಷಿಸಿದ್ದು, ಇದನ್ನು ನೀನು ಮೂಲ ಕಥೆ ಎಂದು ತೆಗೆದುಕೊಂಡಿದ್ದೀಯ. ಅದು ರೋಮಿನ ಕವಿ ಓವಿಡನದು, ಕ್ರಿ.ಶ. ಮೊದಲ ಶತಮಾನದ ಆರಂಭದ ಕಾಲದ್ದು. ಅವನಿಗಿಂತ ಸುಮಾರು 700 ವರ್ಷ ಹಿಂದೆ ಗ್ರೀಕ್ ಕವಿ ಹೆಸಿಯಡ್ ಹೇಳಿದ್ದು ಬೇರೆಯೇ. ಅಲ್ಲಿ ಗಾರ್ಗನ್ನರು ಎಂಬ ಮೂವರು ಭಯಂಕರ ಅಕ್ಕತಂಗಿಯರು, ಸ್ಥೆನೊ, ಯೂರಿಯಲಿ, ಮೆಡೂಸಾ. ಮೊದಲಿನ ಇಬ್ಬರಿಗೆ ಸಾವಿಲ್ಲ, ಮುಪ್ಪಿಲ್ಲ. ಮೆಡೂಸಾಳಿಗೆ ಮಾತ್ರ ಸಾವಿದೆ. ಪೊಸೈಡನ್ ಅವಳ ಜೊತೆ ಮಲಗಿದ್ದು ವಸಂತದ ಹೂಗಳ ನಡುವೆ, ಮೆತ್ತನೆಯ ಹುಲ್ಲುಗಾವಲಿನಲ್ಲಿ. ಪರ್ಸಿಯಸ್ ಕತ್ತು ಕಡಿದಾಗ ಅವಳೊಳಗಿಂದ ಪೆಗಾಸಸ್ ಕುದುರೆಯೂ ಕ್ರಿಸೇಯರ್ ಎಂಬವನೂ ಹೊರಗೆ ಚಿಮ್ಮಿದರು. ಅಂದರೆ ಅವನು ಕೊಂದದ್ದು ಬಸುರಿಯನ್ನು! ಓವಿಡನನ್ನು ಬಳಸಬೇಡ ಎನ್ನುತ್ತಿಲ್ಲ, ಧಾರಾಳವಾಗಿ ಬಳಸು. ಆದರೆ ಯಾರ ಕಥೆಯನ್ನು ಕೈಯಲ್ಲಿ ಹಿಡಿದಿದ್ದೀನಿ ಎಂಬುದು ನಿನಗೆ ಗೊತ್ತಿರಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರವಾದದ್ದು ಆ ಇಬ್ಬರು ಒಡಹುಟ್ಟಿದವರು ನಿನ್ನ ಕಥೆಯಲ್ಲಿ ಇಲ್ಲದೇ ಇರುವುದಕ್ಕೆ. ಅವರಿಗೆ ಸಾವೇ ಇಲ್ಲ ತಂಗಿ. ಆ ದುಃಖಕ್ಕೂ ಕೊನೆಯಿಲ್ಲ. ಪಿಂಡಾರ್ ಎಂಬ ಕವಿ ಕ್ರಿ.ಪೂ. 490ರಲ್ಲಿ, ಡೆಲ್ಫಿಯ ಸ್ಪರ್ಧೆಯಲ್ಲಿ ಗೆದ್ದ ಮಿಡಾಸ್ ಎಂಬ ವಾದ್ಯಗಾರನ ಮೇಲೆ ಒಂದು ಹಾಡು ಕಟ್ಟಿದ. ಮಿಡಾಸ್ ಊದುತ್ತಿದ್ದದ್ದು ಜೋಡಿ ಕೊಳವೆಯ ಆಲೋಸ್. ಆ ವಾದ್ಯದ ಒಂದು ರಾಗ ಎಲ್ಲಿಂದ ಬಂತು ಎಂದು ಪಿಂಡಾರ್ ಹೇಳುತ್ತಾನೆ: ಮೆಡೂಸಾ ಸತ್ತಾಗ ಯೂರಿಯಲಿ ಗೋಳಾಡಿದಳು, ಅವಳ ದವಡೆಯಿಂದ ಹೊರಟ ಆ ಕೂಗನ್ನು ಕೇಳಿ ಅಥೀನಾ ವಾದ್ಯದಲ್ಲಿ ಹಿಡಿದಿಟ್ಟಳು, ಆಮೇಲೆ ಅದನ್ನು ಮನುಷ್ಯರಿಗೆ ಕೊಟ್ಟಳು. ಕೊಲ್ಲಲು ಪರ್ಸಿಯಸನಿಗೆ ನೆರವಾದ ದೇವತೆಯೇ ಆ ಅಳುವಿಗೆ ಕಿವಿಗೊಟ್ಟಳು. ಈ ಒಂದು ಸಂಗತಿಯೇ ಒಂದು ಕಾದಂಬರಿಗೆ ಸಾಕು, ನೀನು ಇದನ್ನು ಬಿಟ್ಟು ಸುಮ್ನೆ ಇನ್ನೆಲ್ಲೋ ಹುಡುಕುತ್ತಿದ್ದೀಯ.

ಗ್ರೀಸಿನ ಎಲ್ಯೂಸಿಸ್‌ನಲ್ಲಿ ಸಿಕ್ಕ ಒಂದು ದೊಡ್ಡ ಮಣ್ಣಿನ ಜಾಡಿಯ ಚಿತ್ರ ಹುಡುಕಿ ನೋಡು. ಕ್ರಿ.ಪೂ. 7ನೇ ಶತಮಾನದ್ದು. ಕುತ್ತಿಗೆಯ ಮೇಲೆ ಪಾಲಿಫೀಮಸ್, ಕೈಯಲ್ಲಿ ದ್ರಾಕ್ಷಾರಸದ ಬಟ್ಟಲು ಇನ್ನೂ ಹಾಗೇ ಇದೆ, ಕಣ್ಣಿಗೆ ಗೂಟ ನುಗ್ಗುತ್ತಿದೆ. ಹೊಟ್ಟೆಯ ಭಾಗದಲ್ಲಿ ತಲೆಯಿಲ್ಲದ ಮೆಡೂಸಾ ಮಲಗಿದ್ದಾಳೆ, ಉಳಿದಿಬ್ಬರು ಪರ್ಸಿಯಸನ ಬೆನ್ನಟ್ಟಿ ಓಡುತ್ತಿದ್ದಾರೆ. ಅವರ ಮುಖಗಳು ಕಂಚಿನ ಹಂಡೆಗಳ ಹಾಗಿವೆ. ಆ ಜಾಡಿಯೊಳಗೆ ಒಂದು ಮಗುವನ್ನು ಹೂತಿದ್ದರು. ಯಾವ ತಂದೆ ತಾಯಿ ಆ ಚಿತ್ರಗಳ ಒಳಗೆ ತಮ್ಮ ಮಗುವನ್ನು ಇಟ್ಟರೋ, ಅವರಿಗೆ ಈ ಕಥೆ ಏನಾಗಿತ್ತೋ. ನಾನು ಬಹಳ ಸಲ ಯೋಚಿಸಿದ್ದೇನೆ.

ಮೆಡೂಸಾಳ ಮೊಮ್ಮಗನ ಕಥೆಯನ್ನೂ ಓದಿಕೋ, ಕ್ರಿಸೇಯರನ ಮಗ ಗೆರಿಯನ್. ಮೂರು ಮೈಯವನು, ಕೆಂಪು ದನಗಳ ಒಡೆಯ. ಗ್ರೀಕರ ಮಹಾವೀರ ಹೆರಾಕ್ಲಿಸ್ ಬಂದದ್ದು ಆ ದನಗಳನ್ನು ಹೊಡೆದುಕೊಂಡು ಹೋಗಲಿಕ್ಕೆ. ಗ್ರೀಕ್ ಕವಿ ಸ್ಟೆಸಿಕೋರಸ್ ಈ ಗೆರಿಯನ್ನನ ಮೇಲೆ ಬರೆದ ದೀರ್ಘ ಕವನದ ಚೂರುಗಳು ಈಜಿಪ್ಟಿನ ಆಕ್ಸಿರಿಂಕಸ್‌ನ ಪಪೈರಸ್‌ಗಳಲ್ಲಿ ಸಿಕ್ಕು 1967ರಲ್ಲಿ ಅಚ್ಚಾದವು. ಅದರಲ್ಲಿ ತಾಯಿ ಕ್ಯಾಲಿರೋಯಿ ಮಗನಿಗೆ ಹೋಗಬೇಡ ಎಂದು ಅಂಗಲಾಚುತ್ತಾಳೆ, ಹಾಲೂಡಿಸಿದ ಎದೆಯ ಮೇಲೆ ಆಣೆ ಹಾಕುತ್ತಾಳೆ. ಬಾಣ ಹಣೆಗೆ ಹೊಕ್ಕಾಗ ಗೆರಿಯನ್ನನ ಕತ್ತು ಎಸಳು ಉದುರಿಸುವ ಗಸಗಸೆ ಹೂವಿನಂತೆ ವಾಲುತ್ತದೆ.

ಆ ಬಾಣದ ತುದಿಯಲ್ಲಿದ್ದದ್ದು ಹೈಡ್ರಾ ಎಂಬ ಹಲವು ತಲೆಯ ಹಾವಿನ ವಿಷ. ಈ ವಿಷದ ಬೆನ್ನು ಹತ್ತಿ ಹೋಗು, ಕಥೆ ಕಟ್ಟುವುದನ್ನು ಅದು ನಿನಗೆ ಕಲಿಸುತ್ತದೆ. ಹೆರಾಕ್ಲಿಸ್ ಹೈಡ್ರಾವನ್ನು ಕೊಂದು ತನ್ನ ಬಾಣಗಳನ್ನು ಅದರ ವಿಷದಲ್ಲಿ ಅದ್ದುತ್ತಾನೆ. ಅದೇ ಬಾಣದಿಂದ ನೆಸಸ್ ಎಂಬ ಕುದುರೆಮೈಯವನನ್ನು ಹೊಡೆಯುತ್ತಾನೆ. ಸಾಯುವ ಮುಂಚೆ ನೆಸಸ್, ನನ್ನ ರಕ್ತ ಇಟ್ಟುಕೋ, ಗಂಡನ ಮನಸ್ಸು ಬೇರೆ ಹೆಣ್ಣಿನ ಕಡೆ ತಿರುಗದ ಹಾಗೆ ಕಾಯುತ್ತದೆ ಎಂದು ಹೆರಾಕ್ಲಿಸನ ಹೆಂಡತಿ ಡಿಯಾನಿರಾಗೆ ಹೇಳುತ್ತಾನೆ. ವರ್ಷಗಳಾದ ಮೇಲೆ ಅವಳು ಅದನ್ನು ಗಂಡನ ಬಟ್ಟೆಗೆ ಸವರುತ್ತಾಳೆ, ಪ್ರೀತಿಯಿಂದಲೇ. ಬಟ್ಟೆ ಮೈಗೆ ಅಂಟಿ ಅವನ ಮಾಂಸ ತಿನ್ನುತ್ತದೆ. ಗ್ರೀಕ್ ನಾಟಕಕಾರ ಸೋಫೋಕ್ಲಿಸ್ ಇದನ್ನೇ ಒಂದು ಇಡೀ ನಾಟಕ ಮಾಡಿದ. ಒಲಿಂಪಿಯಾದಲ್ಲಿ ಗ್ರೀಕರ ದೇವರಾಜ ಜ್ಯೂಸ್‌ನ ದೇವಾಲಯದಲ್ಲಿ ಹೆರಾಕ್ಲಿಸನ 12 ಸಾಹಸಗಳ ಕೆತ್ತನೆ ಇತ್ತು, ಮೊದಲನೆಯದರಲ್ಲಿ ಅವನಿಗೆ ಇನ್ನೂ ಗಡ್ಡ ಬಂದಿಲ್ಲ, ಸತ್ತ ಸಿಂಹದ ಮೇಲೆ ಕಾಲಿಟ್ಟು ತಲೆಗೆ ಕೈ ಕೊಟ್ಟು ನಿಂತಿದ್ದಾನೆ. ಗೆದ್ದ ಸಂಭ್ರಮ ಒಂದಿಷ್ಟೂ ಇಲ್ಲ, ಸುಸ್ತಾಗಿದ್ದಾನೆ. ಇನ್ನೂ ಹನ್ನೊಂದು ಬಾಕಿ.

ನಿನ್ನ ಪರ್ಸಿಯಸನಿಗೆ ಇಂಥದ್ದು ಏನೂ ಇಲ್ಲ. ಅವನಿಗೂ ಒಬ್ಬ ತಾಯಿ ಇದ್ದಾಳೆ, ಡಾನೆ. ಹಸುಗೂಸಿನ ಜೊತೆ ಅವಳನ್ನು ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ದೂಡಿದ್ದು ಅವಳ ಅಪ್ಪನೇ. ಆ ರಾತ್ರಿ ಅವಳು ಮಗುವಿಗೆ, ನೀನು ಮಲಗು, ಕಡಲೂ ಮಲಗಲಿ ಎಂದು ಹೇಳುವ ಸಾಲುಗಳು ಗ್ರೀಕ್ ಕವಿ ಸಿಮೊನಿಡಿಸನ ಕವನದ ಒಂದು ಚೂರಿನಲ್ಲಿ ಉಳಿದಿವೆ. ಪರ್ಸಿಯಸನನ್ನು ಮೆಡೂಸಾಳ ತಲೆ ತರಲು ಕಳಿಸಿದ ರಾಜ ಪಾಲಿಡೆಕ್ಟಿಸ್‌ಗೆ ತಲೆ ಬೇಕಿರಲಿಲ್ಲ, ಡಾನೆ ಬೇಕಿತ್ತು, ಹುಡುಗ ಎಲ್ಲಾದರೂ ಹೋಗಿ ಸತ್ತರೆ ಸಾಕಿತ್ತು. ಹುಡುಗ ಸಾಯಲಿಲ್ಲ. ತಲೆಯನ್ನು ಚೀಲದಲ್ಲಿಟ್ಟುಕೊಂಡು ಬಂದು ರಾಜನನ್ನೂ ಅವನ ಕಡೆಯವರನ್ನೂ ಕಲ್ಲು ಮಾಡಿದ. ಬದುಕಿದ್ದಾಗ ಅವಳು ಯಾರನ್ನು ಕಲ್ಲು ಮಾಡಿದಳು ಎಂದು ಕೇಳು, ಹೆಸರು ಸಿಗುವುದು ಕಷ್ಟ. ಹೆಸರಿಟ್ಟು ಹೇಳಬಹುದಾದವರೆಲ್ಲ ಬಹುಪಾಲು ಪರ್ಸಿಯಸ್ ಆ ತಲೆಯನ್ನು ಕೈಯಲ್ಲಿ ಹಿಡಿದ ಮೇಲೆ ಕಲ್ಲಾದವರು. ಇದನ್ನು ಬರಿ!

ಇನ್ನೊಂದು ಸಣ್ಣ ವಿಷಯ. ಪಾಲಿಡೆಕ್ಟಿಸ್ ಆಳುತ್ತಿದ್ದ ಸೆರಿಫೋಸ್ ದ್ವೀಪದಲ್ಲಿ ನೀನು ಹುಣಸೆಮರ ನೆಟ್ಟಿದ್ದೀಯ, ದಯವಿಟ್ಟು ತೆಗೆ. ಅಂಜೂರ, ಆಲಿವ್ ಇದ್ದಾವಲ್ಲ. ಗ್ರೀಕ್ ವಸ್ತುವನ್ನು ನಮ್ಮದು ಮಾಡಿಕೊಳ್ಳುವುದಾದರೆ ಪೂರ್ತಿ ಮಾಡಿಕೋ, ಬಿ.ಎಂ.ಶ್ರೀ. ಸೋಫೋಕ್ಲಿಸನ ನಾಟಕದ ವೀರ ಏಜಾಕ್ಸ್‌ನನ್ನು ಅಶ್ವತ್ಥಾಮನನ್ನಾಗಿ ಮಾಡಿದ ಹಾಗೆ. ಅಲ್ಲಿ ಹೆಸರು, ಯುದ್ಧ, ದೇವರು ಎಲ್ಲವೂ ಮಹಾಭಾರತದ್ದೇ. ಇಲ್ಲದಿದ್ದರೆ ಅವರ ಕಡಲು, ಅವರ ಕಲ್ಲು, ಅವರ ಗಾಳಿ ಹಾಗೇ ಇರಲಿ. ಅರ್ಧಂಬರ್ಧ ಬೇಡ.

ಮೊದಲ ಮೂರು ಪುಟ ಮುಟ್ಟಬೇಡ, ಚೆನ್ನಾಗಿವೆ. ಆರನೇ ಪುಟದಿಂದ ಹೊಸದಾಗಿ ಬರಿ. ಮೆಡೂಸಾಳನ್ನು ನೋಡಿ ಕಲ್ಲಾದ ಒಬ್ಬನನ್ನಾದರೂ ತಾ, ಅವನಿಗೆ ಊರು, ಹೆಸರು, ಕೆಲಸ ಕೊಡು, ಮೀನು ಹಿಡಿಯಲು ಬಂದವನಾದರೂ ಆಗಬಹುದು. ಕತ್ತು ಕಡಿಯುವಲ್ಲಿಗೆ ಕಥೆ ನಿಲ್ಲಿಸಬೇಡ, ಅಲ್ಲಿಂದ ಮುಂದಿನದನ್ನು ಯೂರಿಯಲಿಗೆ ಬಿಟ್ಟುಕೊಡು. ಉದ್ದವಾದರೂ ಪರವಾಗಿಲ್ಲ, ಮುಗಿದ ಕೂಡಲೇ ಕಳಿಸು, ಓದುತ್ತೇನೆ.

ಇಂತಿ ನಿನ್ನ
ಅಕ್ಕ